ಕೆಟ್ಟ ಕನ್ಸೋಲ್‌ಗಳನ್ನೇ ಕೊಂಡು ಆಡಿದ್ದು: ನನ್ನ ಅನುಭವ

"ಕೆಟ್ಟಿದ್ದನ್ನು ಕೊಂಡು ರಿಪೇರಿ ಮಾಡ್ತೀನಿ ಅಂತ ಹೊರಟವರು ಕೊನೆಗೆ ಎರಡರಷ್ಟು ದುಡ್ಡು ಸುರೀತಾರೆ." ನಮ್ಮ ಗೆಳೆಯರ ಗುಂಪಿನಲ್ಲಿ ಎಲ್ಲರದ್ದೂ ಇದೇ ಮಾತು. ಈಗ ನನ್ನ ಹತ್ತಿರ ಟೀವಿಗೆ ಜೋಡಿಸಿ ಆಟ ಆಡುವ ಮೂರು ಹಳೇ ಕನ್ಸೋಲ್, ಅಂದರೆ ಸೆಗಾದ ಡ್ರೀಮ್‌ಕಾಸ್ಟ್, ಸೋನಿಯ ಪಿಎಸ್2 (ಪ್ಲೇಸ್ಟೇಷನ್ 2), ನಿಂಟೆಂಡೊದ ವೀ, ಮೂರೂ ಚೆನ್ನಾಗಿ ಓಡುತ್ತಿವೆ. ಕೇಬಲ್, ಬಿಡಿಭಾಗ ಎಲ್ಲಾ ಸೇರಿ ಒಂದು ಹೊಸ ಕನ್ಸೋಲಿನ ಬೆಲೆಯಲ್ಲಿ ಮೂರನೇ ಒಂದು ಪಾಲು ಖರ್ಚಾಗಿರಬಹುದು. ಅದರಲ್ಲೂ ಹೆಚ್ಚುಕಮ್ಮಿ ಅರ್ಧ ಆಟಗಳಿಗೇ ಹೋಯಿತು.

ಮೊದಲು ದುಡ್ಡು ಉಳಿದದ್ದು ಯಂತ್ರದ ಆಯ್ಕೆಯಲ್ಲಿ. ನನಗೆ ನಿಂಟೆಂಡೊ ವೀಗಿಂತ ಮೊದಲು ತಂದ ಗೇಮ್‌ಕ್ಯೂಬ್ ಕನ್ಸೋಲಿನ ಆಟಗಳ ಮೇಲೆ ಆಸೆ. ಆದರೆ ಟೀವಿಗೆ ಒಳ್ಳೇ ಚಿತ್ರ ಕೊಡುವ ಅದರ ಅಸಲಿ ಕಾಂಪೊನೆಂಟ್ ಕೇಬಲ್ ಕನ್ಸೋಲಿಗಿಂತ ದುಬಾರಿ. ಸಿಗ್ನಲ್ ಬದಲಿಸುವ ಚಿಪ್ ಆ ಕೇಬಲಿನ ಒಳಗೇ ಇದೆ, ಅದಕ್ಕೆ. 2006ರ ವೀ ಅದೇ ಡಿಸ್ಕ್‌ಗಳನ್ನು ಓಡಿಸುತ್ತದೆ, ಅದರ ಕಾಂಪೊನೆಂಟ್ ಕೇಬಲ್ ಬಲು ಅಗ್ಗ. ಕೊಳ್ಳುವಾಗ ಒಂದನ್ನು ನೋಡಿ: ಮುಚ್ಚಳದ ಕೆಳಗೆ ಗೇಮ್‌ಕ್ಯೂಬ್ ಕಂಟ್ರೋಲರಿನ ಜಾಗ ಇರಲೇಬೇಕು. 2011ರಲ್ಲಿ ಬಂದ ಮಾಡೆಲ್‌ನಲ್ಲಿ ಅದನ್ನು ತೆಗೆದುಬಿಟ್ಟಿದ್ದಾರೆ. ಪಿಎಸ್2 ಕೂಡ ಹಾಗೇ, ಅದರ ಹಿಂದಿನ ಪಿಎಸ್1 ಡಿಸ್ಕ್‌ಗಳನ್ನೂ ಓಡಿಸುತ್ತದೆ. ಪಿಎಸ್1 ಆಟ ಸೇವ್ ಮಾಡಲು ಮಾತ್ರ ಹಳೇ ಮೆಮೊರಿ ಕಾರ್ಡೇ ಬೇಕು, ಅದನ್ನು ಬಿಸಾಕಬೇಡಿ.

ಡ್ರೀಮ್‌ಕಾಸ್ಟ್ "ತಾನಾಗೇ ರೀಸೆಟ್ ಆಗುತ್ತೆ" ಅಂತ ಪುಡಿಗಾಸಿಗೆ ಬಂತು. ಈ ಕಾಯಿಲೆ ಗೊತ್ತಿರುವವರಿಗೆ ಇದು ಹಬ್ಬ. ಪವರ್ ಸಪ್ಲೈಯಿಂದ ಬೋರ್ಡಿಗೆ ಹೋಗುವ ಪಿನ್ನುಗಳು ವಯಸ್ಸಾದಂತೆ ಮಂಕಾಗಿ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ, ಅಷ್ಟೇ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಉಜ್ಜಿ, ಪಿನ್ನುಗಳನ್ನು ಚೂರೇ ಚೂರು ಬಾಗಿಸಿ ಕೂರಿಸಿದೆ. ಅವತ್ತಿಂದ ಒಂದು ಸಲವೂ ರೀಸೆಟ್ ಆಗಿಲ್ಲ. ವಿಜಿಎ ಕೇಬಲ್ ಹಾಕಿ, ಯಾರಿಗೂ ಬೇಡವಾದ ಹಳೇ ಕಂಪ್ಯೂಟರ್ ಮಾನಿಟರಿಗೆ ಕೊಟ್ಟರೆ 480ಪಿ (480 ಗೆರೆಗಳೂ ಒಟ್ಟಿಗೆ ಬರುವ) ಚಿತ್ರ ಗಾಜಿನಂತೆ ಬರುತ್ತದೆ. ಕೆಲವು ಆಟಗಳು ವಿಜಿಎ ಒಪ್ಪುವುದಿಲ್ಲ, ಆದರೆ ಹೆಚ್ಚಿನವು ಒಪ್ಪುತ್ತವೆ.

ಇನ್ನು ಅದರ ವಿಎಂಯು, ಅಂದರೆ ಪುಟ್ಟ ಪರದೆ ಇರುವ ಮೆಮೊರಿ ಕಾರ್ಡ್. ಅದಕ್ಕೆ ಎರಡು ಸಿಆರ್2032 ಗುಂಡಿ ಸೆಲ್ ಬೇಕು, ಬೇಗ ಮುಗಿದೂ ಹೋಗುತ್ತವೆ. ನಾನು ಸೆಲ್ ಹಾಕುವುದನ್ನೇ ಬಿಟ್ಟೆ. ಸೇವ್‌ಗಳು ಫ್ಲ್ಯಾಶ್ ಮೆಮೊರಿಯಲ್ಲಿ ಇರುವುದರಿಂದ ಏನೂ ಹೋಗುವುದಿಲ್ಲ. ಆನ್ ಮಾಡಿದಾಗ ಒಂದು ಕಿರುಚು ಕೇಳಿಸುತ್ತದೆ, ಅಷ್ಟೇ ನಷ್ಟ. ಡ್ರೀಮ್‌ಕಾಸ್ಟ್ ಒಳಗಿರುವ ಗಡಿಯಾರದ ಸೆಲ್ ವಿಷಯ ಮಾತ್ರ ಬೇರೆ. ಅದು ಚಾರ್ಜ್ ಆಗುವ ಜಾತಿ. ಅಲ್ಲಿ ಸುಮ್ನೆ ಸಿಆರ್2032 ಕೂರಿಸಬೇಡಿ, ಯಂತ್ರ ಅದನ್ನೂ ಚಾರ್ಜ್ ಮಾಡಲು ಹೋಗುತ್ತದೆ.

ತುಂಬಾ ಸತಾಯಿಸಿದ್ದು ಪಿಎಸ್2. ಡಿಸ್ಕ್ ಓದುತ್ತಿರಲಿಲ್ಲ. ಲೆನ್ಸ್ ಒರೆಸಿದೆ, ಹಳಿಗಳ ಒಣಗಿದ ಗ್ರೀಸ್ ತೆಗೆದು ಹೊಸದು ಹಚ್ಚಿದೆ, ಪ್ರಯೋಜನ ಆಗಲಿಲ್ಲ. ಹೊಸ ಪಿಕಪ್ (ಡಿಸ್ಕ್ ಓದುವ ಲೇಸರ್ ಭಾಗ) ತರಿಸಿದೆ, ಅದು ಸತ್ತೇ ಬಂತು. ಮಾರಿದವನು ದುಡ್ಡು ವಾಪಸ್ ಕೊಡಲಿಲ್ಲ. ಗೆಳೆಯರು "ನಾವು ಹೇಳಿರಲಿಲ್ವಾ" ಅಂದಿದ್ದು ಆಗಲೇ. ನಾನು ಬಿಡಲಿಲ್ಲ. ಬೋರ್ಡ್ ಸುಟ್ಟ ಇನ್ನೊಂದು ಪಿಎಸ್2 ಹುಡುಕಿದೆ. ಗುಜರಿ ಬೆಲೆಗೇ ಸಿಕ್ಕಿತು. ಅದರ ಪಿಕಪ್ ಇದಕ್ಕೆ ಹಾಕಿದೆ, ಡಿಸ್ಕ್ ತಿರುಗಿ ಲೋಗೊ ಬಂತು. ಎರಡು ಸತ್ತ ಯಂತ್ರಗಳ ಬೆಲೆ ಸೇರಿದರೂ ಓಡುವ ಒಂದರ ಅರ್ಧ ಆಗಿರಲಿಲ್ಲ. ಹೊಸ ಪಿಕಪ್ಪೇ ಹಾಕುವವರು ಮೊದಲು ಅದರ ಮೇಲಿನ ಸಣ್ಣ ಬೆಸುಗೆ ಚುಕ್ಕೆ ನೋಡಿ. ಸಾಗಿಸುವಾಗ ಸ್ಥಿರ ವಿದ್ಯುತ್ತು ತಾಗದಿರಲಿ ಅಂತ ಹಾಕಿರುತ್ತಾರೆ. ಕೂರಿಸಿದ ಮೇಲೆ ಅದನ್ನು ತೆಗೆಯದಿದ್ದರೆ ಡಿಸ್ಕ್ ಓದುವುದಿಲ್ಲ. ಲೇಸರಿನ ಶಕ್ತಿ ಹೆಚ್ಚುಕಮ್ಮಿ ಮಾಡುವ ಪುಟ್ಟ ಸ್ಕ್ರೂ ತಿರುಗಿಸುವುದು ಕಟ್ಟಕಡೆಯ ದಾರಿ, ಅದೂ ಅದರ ಮೊದಲಿನ ರೆಸಿಸ್ಟೆನ್ಸ್ (ವಿದ್ಯುತ್ ತಡೆ) ಅಳೆದು ಬರೆದಿಟ್ಟುಕೊಂಡು.

ಟೀವಿಗೆ ನಾನು ದುಡ್ಡೇ ಕೊಡಲಿಲ್ಲ. ಮೊದಲು ಹಳೇ ಕನ್ಸೋಲನ್ನು ಈಗಿನ ಟೀವಿಗೆ ಜೋಡಿಸಲು ಒಂದು ಅಗ್ಗದ ಎಚ್‌ಡಿಎಂಐ ಅಡಾಪ್ಟರ್ ತಂದಿದ್ದೆ. ಪಿಎಸ್1ರ 240ಪಿ (240 ಗೆರೆಗಳ) ಚಿತ್ರವನ್ನು ಅದು 480ಐ, ಅಂದರೆ ಗೆರೆ ಬಿಟ್ಟು ಗೆರೆ ಎರಡು ಕಂತಿನಲ್ಲಿ ಬರುವ ಚಿತ್ರ, ಅಂದುಕೊಂಡು ಕಲಸಿಬಿಡುತ್ತದೆ. ಬಟನ್ ಒತ್ತಿದ್ದಕ್ಕೂ ಪರದೆ ಮೇಲೆ ಕಾಣುವುದಕ್ಕೂ ನಡುವೆ ತಡ ಬೇರೆ. ಆಮೇಲೆ ಹಳೇ ಪಿಕ್ಚರ್ ಟ್ಯೂಬಿನ ಡಬ್ಬಾ ಟೀವಿ ಯಾರೋ ಸುಮ್ನೆ ಕೊಟ್ಟರು, ಹೊತ್ತು ತಂದ ಶ್ರಮವಷ್ಟೇ ನನ್ನದು. ಪರದೆಗೆ ಗುರಿಯಿಟ್ಟು ಹೊಡೆಯುವ ಹಳೇ ಲೈಟ್ ಗನ್ ಆಟಗಳೂ ಅದರ ಮೇಲೆ ಮಾತ್ರ ನಡೆಯುವುದು. ಟೀವಿ ಒಳಗೆ ಮಾತ್ರ ನಾನು ಕೈ ಹಾಕುವುದಿಲ್ಲ. ಆಫ್ ಮಾಡಿದ ಮೇಲೂ ಅಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರಬಹುದು.

ನಡುವೆ ಹಳದಿಯಾದ ಡ್ರೀಮ್‌ಕಾಸ್ಟ್ ಕವಚಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟೆ. ಸವರಿದ ಕಡೆಯೆಲ್ಲ ಪಟ್ಟೆ ಪಟ್ಟೆ ಬಂತು. ಪೂರ್ತಿ ಮುಳುಗಿಸಿಟ್ಟಾಗ ಸಮನಾಗಿ ಬೆಳ್ಳಗಾಯಿತು. ಆದರೆ ಕೆಲವು ತಿಂಗಳಲ್ಲಿ ಮತ್ತೆ ಹಳದಿ ಇಣುಕಿತು. ಆ ದುಡ್ಡಿಗೆ ಎರಡು ಆಟ ಬರುತ್ತಿತ್ತು.

ಕೆಟ್ಟ ಯಂತ್ರ ಹುಡುಕುವಾಗ ನಾನು ಯಾವ ಪದ ಹಾಕುತ್ತೇನೆ ಅನ್ನುವುದನ್ನು ಹೇಳುವುದಿಲ್ಲ, ಪೈಪೋಟಿ ಈಗಲೇ ಜಾಸ್ತಿ. ಡಿಸ್ಕ್ ಆರಿಸುವ ರೀತಿ ಹೇಳಬಲ್ಲೆ. ಬಾಕ್ಸ್ ಇಲ್ಲದ ಬರೀ ಡಿಸ್ಕ್ ಕೊಳ್ಳಿ. ಪಿಎಸ್1 ಸೀಡಿಯನ್ನು ಬೆಳಕಿಗೆ ಹಿಡಿದು, ಲೇಬಲ್ ಕಡೆ ಗೀರು ಇದೆಯಾ ನೋಡಿ. ಡೇಟಾ ಇರುವ ಪದರ ಲೇಬಲ್ಲಿನ ಕೆಳಗೇ ಇದೆ. ಓದುವ ಕಡೆಯ ಗೀರನ್ನು ಉಜ್ಜಿ ಸರಿಮಾಡಬಹುದು, ಲೇಬಲ್ ಕಡೆ ಬೆಳಕು ತೂರಿ ಬಂದರೆ ಆ ಡಿಸ್ಕ್ ಕಥೆ ಮುಗಿಯಿತು.