ಮನೆಯ ಪಾರ್ಟಿಗೆ ಒಂದೇ ತುತ್ತಿನ ಕಡಲ ತಿನಿಸುಗಳು: ಸೀಗಡಿ, ಸಾಲ್ಮನ್, ಏಡಿ

ಪಾರ್ಟಿಯಲ್ಲಿ ನಿಂತು ತಿನ್ನುವವರ ಒಂದು ಕೈಯಲ್ಲಿ ಲೋಟ ಇದ್ದೇ ಇರುತ್ತದೆ. ಇನ್ನೊಂದು ಕೈಯಿಂದ ಎತ್ತಿ ಬಾಯಿಗೆ ಹಾಕಿಕೊಂಡು ಮಾತು ಮುಂದುವರಿಸುವಂತಿರಬೇಕು ತಿನಿಸು. ಹಾಗಾಗಿ ಗಾತ್ರ ಒಂದು ತುತ್ತು, ಹೆಚ್ಚೆಂದರೆ ಎರಡು. ಮುಳ್ಳು, ಚಿಪ್ಪು ಇರಬಾರದು. ಎಣ್ಣೆ, ನೀರು, ಸಾಸ್ ಯಾವುದೂ ಬಟ್ಟೆಯ ಮೇಲೆ ತೊಟ್ಟಿಕ್ಕಬಾರದು. ಈ ಕೊನೆಯದನ್ನು ಸಾಧಿಸುವುದೇ ಕಷ್ಟ, ಯಾಕೆಂದರೆ ಮೀನು, ಸೀಗಡಿ, ಏಡಿ ಎಲ್ಲವೂ ನೀರು ಬಿಡುವ ಪದಾರ್ಥಗಳು. ಬ್ರೆಡ್ ಮೆತ್ತಗಾಗುವುದು, ಏಡಿ ಕೇಕ್ (ಏಡಿ ಮಾಂಸವನ್ನು ತಟ್ಟಿ ಕರಿದ ಬಿಲ್ಲೆ) ಬಾಣಲೆಯಲ್ಲಿ ಬಿಚ್ಚಿಕೊಳ್ಳುವುದು, ಸೀಗಡಿಯ ಮೇಲಿನ ಸಾಸ್ ಜಾರುವುದು, ಇವಕ್ಕೆಲ್ಲ ಕಾರಣ ತೇವ. ಅದಕ್ಕೇ ಒರೆಸಿ, ಸೋಸಿ, ತಣಿಸಿ ಎಂಬ ಮಾತು ಮುಂದೆ ಮತ್ತೆ ಮತ್ತೆ ಬರುತ್ತದೆ. ಆ ಹಂತಗಳನ್ನು ಹಾರಿಸಿದರೆ ಉಳಿದದ್ದನ್ನು ಎಷ್ಟು ಚೆನ್ನಾಗಿ ಮಾಡಿದರೂ ತಟ್ಟೆ ಅಚ್ಚುಕಟ್ಟಾಗಿ ಕಾಣುವುದಿಲ್ಲ.

ಎಷ್ಟು ಮಾಡಬೇಕು

ಊಟಕ್ಕೆ ಮುಂಚಿನ ಒಂದು ಗಂಟೆಗೆ ತಲೆಗೆ 5–6 ತುಂಡು ಸಾಕು. ಬೇರೆ ಊಟವಿಲ್ಲದೆ ತಿನಿಸಿನಲ್ಲೇ ಸಂಜೆ ಮುಗಿಯುವುದಾದರೆ 10–12 ಬೇಕು, ಜೊತೆಗೆ ಮೀನು ತಿನ್ನದವರಿಗೂ ಏನಾದರೂ ಇರಬೇಕು. ಇಲ್ಲಿ ಕೊಟ್ಟಿರುವ ಅಳತೆ 12 ಜನಕ್ಕೆ, ಊಟಕ್ಕೆ ಮುಂಚೆ: ಸೀಗಡಿ 30, ಸಾಲ್ಮನ್ 24, ಏಡಿ ಕೇಕ್ 20. ಸೀಗಡಿ ಎಲ್ಲಕ್ಕಿಂತ ಬೇಗ ಖಾಲಿಯಾಗುತ್ತದೆ, ಅದಕ್ಕೆ ಅದರ ಲೆಕ್ಕ ಹೆಚ್ಚು.

ಮೂರು ಬಗೆಗಿಂತ ಹೆಚ್ಚು ಬೇಡ. ಎರಡು ತಣ್ಣನೆಯವು, ಒಂದು ಬಿಸಿಯದು. ಬಿಸಿ ತಿನಿಸು ಎರಡಾದರೆ ಅಡುಗೆ ಮಾಡುವವರು ಸಂಜೆಯೆಲ್ಲ ಒಲೆಯ ಮುಂದೆಯೇ ಇರಬೇಕಾಗುತ್ತದೆ.

ತಣ್ಣನೆಯ ಸೀಗಡಿ

ತಲೆ ತೆಗೆದ, ಸಿಪ್ಪೆ ಇರುವ ದೊಡ್ಡ ಸೀಗಡಿ 600 ಗ್ರಾಂ ಬೇಕು. ಪೊಟ್ಟಣದ ಮೇಲೆ 21/25 ಎಂದಿದ್ದರೆ ಒಂದು ಪೌಂಡಿಗೆ ಅಷ್ಟು ಸೀಗಡಿ ಎಂದರ್ಥ. ಅಂದರೆ ಕಿಲೋಗೆ ಸುಮಾರು 45–55. ಇದಕ್ಕಿಂತ ಚಿಕ್ಕದು ಬೇಗ ಬೆಂದು ರಬ್ಬರಿನಂತಾಗುತ್ತದೆ, ಇದಕ್ಕಿಂತ ದೊಡ್ಡದನ್ನು ಒಂದೇ ತುತ್ತಿಗೆ ತಿನ್ನಲಾಗುವುದಿಲ್ಲ. ಮೊದಲೇ ಬೇಯಿಸಿಟ್ಟ ಸೀಗಡಿಯನ್ನು ಕೊಳ್ಳಬೇಡಿ. ಅದರ ರಸ ಹೋಗಿರುತ್ತದೆ, ನೀವು ಏನು ಮಾಡಿದರೂ ಮರಳಿ ಬರುವುದಿಲ್ಲ.

ಫ್ರೀಜರಿನಿಂದ ತೆಗೆದದ್ದಾದರೆ ಹಿಂದಿನ ರಾತ್ರಿಯೇ ಫ್ರಿಜ್‌ನೊಳಗೆ ಇಳಿಸಿ. ಮರೆತರೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ತಣ್ಣೀರಲ್ಲಿ 30 ನಿಮಿಷ ಮುಳುಗಿಸಿಡಿ. ಬಿಸಿನೀರು ಬೇಡ. ಹೊರಗೆ ಬೇಯಲು ಶುರುವಾದರೂ ಒಳಗಿನ ಮಂಜು ಕರಗಿರುವುದಿಲ್ಲ.

ಚೂಪು ಕತ್ತರಿಯಿಂದ ಬೆನ್ನಿನುದ್ದಕ್ಕೂ ಸಿಪ್ಪೆ ಸೀಳಿ ಕಪ್ಪು ನಾಳ ತೆಗೆಯಿರಿ. ಸಿಪ್ಪೆ ಅಲ್ಲೇ ಇರಲಿ. ಅದು ಮಾಂಸವನ್ನು ನೇರ ಬಿಸಿಯಿಂದ ಕಾಯುತ್ತದೆ, ರುಚಿಯನ್ನೂ ಕೊಡುತ್ತದೆ.

ಒಂದೂವರೆ ಲೀಟರ್ ನೀರಿಗೆ 2 ದೊಡ್ಡ ಚಮಚ ಉಪ್ಪು, ಅರ್ಧ ನಿಂಬೆಹಣ್ಣು, 8–10 ಕಾಳುಮೆಣಸು, ಒಂದು ಬೇ ಎಲೆ ಹಾಕಿ 10 ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ. ಆಮೇಲೆ ಉರಿ ಜೋರು ಮಾಡಿ, ಮರಳುತ್ತಿರುವಾಗಲೇ ಒಲೆ ಆರಿಸಿ ಸೀಗಡಿ ಹಾಕಿ ಮುಚ್ಚಿಡಿ. ಫ್ರಿಜ್‌ನಿಂದ ಬಂದ 600 ಗ್ರಾಂ ಸೀಗಡಿ ಬಿದ್ದ ಕೂಡಲೇ ನೀರಿನ ಬಿಸಿ ಹೆಚ್ಚುಕಡಿಮೆ 75 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ. ನಮಗೆ ಬೇಕಾದದ್ದು ಅದೇ. ಕುದಿಯುವ ನೀರಲ್ಲಿ ಬೇಯಿಸಿದರೆ ಒಳಗೆ ಹದವಾಗುವ ಹೊತ್ತಿಗೆ ಹೊರಪದರ ಬಿಗಿದುಕೊಂಡು ರಸ ಹಿಂಡಿಬಿಟ್ಟಿರುತ್ತದೆ. ನೀರು ಕಡಿಮೆ ಇಟ್ಟು ಸೀಗಡಿ ಹೆಚ್ಚು ಹಾಕಿದರೆ ಬಿಸಿ ತೀರಾ ಇಳಿದು ಅರೆಬೆಂದಂತಾಗುತ್ತದೆ. ಅಷ್ಟೇ ನೀರಲ್ಲಿ ದುಪ್ಪಟ್ಟು ಬೇಯಿಸಲು ಹೋಗದೆ ಎರಡು ಸಲ ಮಾಡಿ.

3 ನಿಮಿಷಕ್ಕೆ ಒಂದನ್ನು ತೆಗೆದು ಅತಿ ದಪ್ಪ ಇರುವ ಕಡೆ ಕೊಯ್ದು ನೋಡಿ. ನಡುವೆ ಗಾಜಿನಂತೆ ಪಾರದರ್ಶಕವಾಗಿದ್ದರೆ ಇನ್ನೊಂದು ನಿಮಿಷ ಬಿಡಿ; ಪೂರ್ತಿ ಬೆಳ್ಳಗಿದ್ದರೆ ಆಯಿತು. ಥರ್ಮಾಮೀಟರ್ ಇದ್ದರೆ ನಡುಭಾಗ 63 ಡಿಗ್ರಿ ಮುಟ್ಟಿರಬೇಕು. ಆಕಾರವೂ ಸುಳಿವು ಕೊಡುತ್ತದೆ: ಸಡಿಲವಾಗಿ ಬಾಗಿದ್ದರೆ ಹದ, ತಲೆಗೆ ಬಾಲ ತಾಗುವಷ್ಟು ಸುರುಳಿ ಸುತ್ತಿದ್ದರೆ ಹೆಚ್ಚು ಬೆಂದಿದೆ.

ಬೆಂದ ಕೂಡಲೇ ಐಸ್ ನೀರಿಗೆ ಹಾಕಿ. ಆ ನೀರಿಗೂ ಒಂದು ದೊಡ್ಡ ಚಮಚ ಉಪ್ಪು ಬೆರೆಸಿರಿ, ಇಲ್ಲದಿದ್ದರೆ ಹಿಡಿದ ರುಚಿ ತೊಳೆದುಹೋಗುತ್ತದೆ. 5 ನಿಮಿಷಕ್ಕಿಂತ ಹೆಚ್ಚು ಬಿಡಬೇಡಿ, ನೀರು ಕುಡಿದು ಸಪ್ಪೆಯಾಗುತ್ತದೆ. ಸೋಸಿ, ಬಾಲ ಮತ್ತು ಅದರ ಪಕ್ಕದ ಒಂದು ಗೆಣ್ಣು ಉಳಿಸಿಕೊಂಡು ಸಿಪ್ಪೆ ಬಿಡಿಸಿ. ಆ ಬಾಲವೇ ಹಿಡಿಕೆ. ಅಡುಗೆ ಟಿಶ್ಯೂ ಹಾಸಿದ ಡಬ್ಬಿಯಲ್ಲಿ ಒಂದೇ ಪದರವಾಗಿ ಜೋಡಿಸಿ ಫ್ರಿಜ್‌ನಲ್ಲಿಡಿ. ಹಿಂದಿನ ದಿನ ಮಾಡಿಟ್ಟರೂ ಕೆಡುವುದಿಲ್ಲ.

ಸಾಸ್‌ಗೆ 150 ಗ್ರಾಂ ಟೊಮೆಟೊ ಕೆಚಪ್, 2 ದೊಡ್ಡ ಚಮಚ ಬಾಟಲಿಯ ಹಾರ್ಸ್‌ರ್ಯಾಡಿಶ್ (ಘಾಟಿನ ಒಂದು ಬೇರು) ತುರಿ, 2 ಚಿಕ್ಕ ಚಮಚ ನಿಂಬೆರಸ, 1 ಚಿಕ್ಕ ಚಮಚ ವೂಸ್ಟರ್‌ಶೈರ್ ಸಾಸ್, ಬೇಕೆನಿಸಿದರೆ ನಾಲ್ಕು ಹನಿ ಚಿಲ್ಲಿ ಸಾಸ್. ಹಾರ್ಸ್‌ರ್ಯಾಡಿಶ್ ಸಿಗದಿದ್ದರೆ ಒಂದು ಚಿಕ್ಕ ಚಮಚ ಖಾರದ ಸಾಸಿವೆ ಪೇಸ್ಟ್ ಹಾಕಿ, ಮೂಗಿಗೇರುವ ಘಾಟು ಸಿಗುತ್ತದೆ. ತುರಿಯನ್ನು ಹಿಂಡಿಯೇ ಬೆರೆಸಿ. ಸಾಸ್ ಚಮಚದಿಂದ ಮೆಲ್ಲಗೆ ಕಳಚಿ ಬೀಳುವಷ್ಟು ಗಟ್ಟಿ ಇರಬೇಕು, ಹರಿಯಬಾರದು.

ಸೌತೆಕಾಯಿ ಬಿಲ್ಲೆಯ ಮೇಲೆ ಸಾಲ್ಮನ್

ಇದಕ್ಕೆ ಒಲೆ ಹಚ್ಚುವುದೇ ಬೇಡ. 24 ತುಂಡಿಗೆ ಎರಡು ಸೌತೆಕಾಯಿ, 200 ಗ್ರಾಂ ಕ್ರೀಮ್ ಚೀಸ್, 150 ಗ್ರಾಂ ಹೋಳು ಮಾಡಿದ ಸ್ಮೋಕ್ಡ್ (ಹೊಗೆಯಲ್ಲಿ ಹದ ಮಾಡಿದ) ಸಾಲ್ಮನ್, ಒಂದು ಹಿಡಿ ಸಬ್ಬಸಿಗೆ ಸೊಪ್ಪು, ಒಂದು ನಿಂಬೆಹಣ್ಣಿನ ಸಿಪ್ಪೆಯ ತುರಿ.

ಸೌತೆಕಾಯಿಯನ್ನು 8 ಮಿಲಿಮೀಟರ್ ದಪ್ಪಕ್ಕೆ ಬಿಲ್ಲೆ ಮಾಡಿ. ತೆಳ್ಳಗಾದರೆ ಎತ್ತುವಾಗ ಬಾಗಿ ಮೇಲಿನದೆಲ್ಲ ಜಾರುತ್ತದೆ. ಕಾಲು ಚಮಚದ ಅಳತೆ ಚಮಚದಿಂದ ನಡುವಿನ ಬೀಜವನ್ನು ಅರ್ಧ ಆಳಕ್ಕೆ ಕೆರೆದು ತೆಗೆಯಿರಿ, ತಳ ತೂತಾಗದಂತೆ. ಸೌತೆಕಾಯಿಯಲ್ಲಿ ಹೆಚ್ಚು ನೀರು ಬಿಡುವುದು ಆ ಲೋಳೆಯೇ. ಚಿಟಿಕೆ ಉಪ್ಪು ಉದುರಿಸಿ, ಕುಳಿ ಕೆಳಗಾಗಿ ಟಿಶ್ಯೂ ಮೇಲೆ ಕವುಚಿ 15 ನಿಮಿಷ ಬಿಟ್ಟು ಒರೆಸಿ. ಟಿಶ್ಯೂ ಎಷ್ಟು ಒದ್ದೆಯಾಗಿದೆ ಎಂದು ನೋಡಿದರೆ ಈ ಹಂತ ಏಕೆ ಬೇಕೆಂದು ಗೊತ್ತಾಗುತ್ತದೆ.

ಕ್ರೀಮ್ ಚೀಸನ್ನು 20 ನಿಮಿಷ ಹೊರಗಿಟ್ಟು ಮೆತ್ತಗಾದ ಮೇಲೆ ನಿಂಬೆ ತುರಿ, ಹೆಚ್ಚಿದ ಸಬ್ಬಸಿಗೆ, ಕಾಳುಮೆಣಸಿನ ಪುಡಿ ಸೇರಿಸಿ ಚಮಚದಿಂದ ಕಲಸಿ. ನಿಂಬೆರಸ ಹಾಕಬೇಡಿ, ಚೀಸ್ ನೀರಾಗುತ್ತದೆ. ಸಾಲ್ಮನ್‌ನಲ್ಲೇ ಉಪ್ಪು ಸಾಕಷ್ಟಿದೆ, ಹಾಗಾಗಿ ಚೀಸ್‌ಗೆ ಉಪ್ಪೂ ಬೇಡ. ಮೂಲೆ ಕತ್ತರಿಸಿದ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕುಳಿಯೊಳಗೆ ಹಿಂಡಿ. ಸಾಲ್ಮನ್ ತಣ್ಣಗಿರುವಾಗಲೇ ಎರಡು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ಸಡಿಲವಾಗಿ ಸುತ್ತಿ ಮೇಲೆ ಕೂರಿಸಿ, ಒಂದೆಳೆ ಸಬ್ಬಸಿಗೆ ಇಡಿ. ಬಡಿಸುವ ಅರ್ಧ ಗಂಟೆಗಿಂತ ಮುಂಚೆ ಜೋಡಿಸಬೇಡಿ.

ಸೌತೆಕಾಯಿಯ ಬದಲು ಗರಿಗರಿ ಟೋಸ್ಟ್ ಬಳಸುವುದಾದರೆ ಮೊದಲು ಅಂಚಿನವರೆಗೂ ತೆಳುವಾಗಿ ಬೆಣ್ಣೆ ಸವರಿ. ಬೆಣ್ಣೆಯ ಪದರ ತೇವವನ್ನು ಬ್ರೆಡ್‌ಗೆ ಇಳಿಯಲು ಬಿಡುವುದಿಲ್ಲ.

ತಣ್ಣನೆಯ ಹೊಗೆಯಲ್ಲಿ ಹದ ಮಾಡಿದ ಸಾಲ್ಮನ್ ಬೆಂದದ್ದಲ್ಲ. ಅದರಲ್ಲಿ ಲಿಸ್ಟೀರಿಯಾ ಬ್ಯಾಕ್ಟೀರಿಯಾ ಇರುವ ಸಾಧ್ಯತೆ ಇರುವುದರಿಂದ ಗರ್ಭಿಣಿಯರು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಅದನ್ನು ತಿನ್ನಬಾರದು. ಅವರಿಗಾಗಿ ಅದೇ ಬಿಲ್ಲೆಯ ಮೇಲೆ ಬೇಯಿಸಿದ ಸೀಗಡಿ ಇಡಿ. ಹಸಿ ಮೀನಿನ ತಿನಿಸನ್ನಂತೂ ಮನೆಯ ಪಾರ್ಟಿಗೆ ಮಾಡಲೇಬೇಡಿ. ಪರೋಪಜೀವಿಗಳನ್ನು ಕೊಲ್ಲಲು ಮೀನನ್ನು ಮೈನಸ್ 20 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ 7 ದಿನ ಇಡಬೇಕು, ಮನೆಯ ಫ್ರೀಜರ್ ಅಷ್ಟು ತಣ್ಣಗಿರುತ್ತದೆಂಬ ಭರವಸೆ ಇಲ್ಲ.

ಏಡಿ ಕೇಕ್

ಮೂರರಲ್ಲಿ ಕೈಚಳಕ ಬೇಡುವುದು ಇದು. ಬಿಡಿಸಿದ ಏಡಿ ಮಾಂಸ 450 ಗ್ರಾಂ, ಮೊಟ್ಟೆ 1, ಮೇಯೊನೀಸ್ 3 ದೊಡ್ಡ ಚಮಚ, ಸಾಸಿವೆ ಪೇಸ್ಟ್ 1 ಚಿಕ್ಕ ಚಮಚ, ಸಣ್ಣಗೆ ಹೆಚ್ಚಿದ ಈರುಳ್ಳಿ ಸೊಪ್ಪು 2 ದೊಡ್ಡ ಚಮಚ, ನಿಂಬೆ ಸಿಪ್ಪೆಯ ತುರಿ, ಉಪ್ಪು ಅರ್ಧ ಚಿಕ್ಕ ಚಮಚ, ಕಾಳುಮೆಣಸಿನ ಪುಡಿ, ಒಳಗೆ ಬೆರೆಸಲು ಬ್ರೆಡ್ ಪುಡಿ 40 ಗ್ರಾಂ, ಹೊರಳಿಸಲು ಇನ್ನಷ್ಟು.

ಮಾಂಸವನ್ನು ಜರಡಿಯಲ್ಲಿ 15 ನಿಮಿಷ ಸೋಸಲು ಬಿಡಿ. ಡಬ್ಬಿಯದಾದರೆ ಅಂಗೈಯಲ್ಲಿ ಮೆಲ್ಲಗೆ ಒತ್ತಿ ನೀರು ತೆಗೆಯಿರಿ. ಆಮೇಲೆ ಕಪ್ಪು ಬಣ್ಣದ ತಟ್ಟೆಯ ಮೇಲೆ ತೆಳ್ಳಗೆ ಹರಡಿ, ಬೆರಳ ತುದಿಯಿಂದ ಸವರುತ್ತ ಚಿಪ್ಪಿನ ಚೂರು ಹುಡುಕಿ. ಕಣ್ಣಿಗೆ ತಪ್ಪಿದ್ದು ಬೆರಳಿಗೆ ಸಿಗುತ್ತದೆ. ಹಲ್ಲಿಗೆ ಚಿಪ್ಪು ಸಿಕ್ಕ ಅತಿಥಿ ಎರಡನೆಯ ಕೇಕ್ ತೆಗೆದುಕೊಳ್ಳುವುದಿಲ್ಲ.

ಮಾಂಸ ಬಿಟ್ಟು ಉಳಿದೆಲ್ಲವನ್ನೂ ಮೊದಲು ಚೆನ್ನಾಗಿ ಕಲಸಿಕೊಳ್ಳಿ. ಕೊನೆಗೆ ಏಡಿ ಸೇರಿಸಿ, ಬೆರಳು ಅಗಲಿಸಿ ಕೆಳಗಿಂದ ಮೇಲಕ್ಕೆ ಎತ್ತೆತ್ತಿ ಬೆರೆಸಿ. ಹಿಟ್ಟು ನಾದಿದಂತೆ ಕಲಸಿದರೆ ದಪ್ಪ ಎಳೆಗಳೆಲ್ಲ ಮುರಿದು ಮುದ್ದೆಯಾಗುತ್ತದೆ, ಏಡಿಯ ರುಚಿಯೇ ಕಳೆದುಹೋಗುತ್ತದೆ. 30 ಗ್ರಾಂ ತೂಗಿ 4 ಸೆಂಟಿಮೀಟರ್ ಅಗಲ, 2 ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ. ತೂಗದೆ ಅಂದಾಜಿನಲ್ಲಿ ಮಾಡಿದರೆ ಒಂದೊಂದು ಒಂದೊಂದು ಗಾತ್ರವಾಗಿ, ಚಿಕ್ಕದು ಕರಕಲಾಗುವ ಹೊತ್ತಿಗೆ ದೊಡ್ಡದರ ಒಳಗೆ ತಣ್ಣಗೇ ಇರುತ್ತದೆ.

ಮುಚ್ಚಿ ಫ್ರಿಜ್‌ನಲ್ಲಿ ಕನಿಷ್ಠ ಒಂದು ಗಂಟೆ ಇಡಿ, ರಾತ್ರಿಯಿಡೀ ಇಟ್ಟರೂ ಸರಿ. ಈ ಹೊತ್ತಿನಲ್ಲಿ ಬ್ರೆಡ್ ಪುಡಿ ತೇವ ಹೀರಿಕೊಂಡು ಎಲ್ಲವನ್ನೂ ಹಿಡಿದುಕೊಳ್ಳುತ್ತದೆ. ಹೊರಗಿನ ಬ್ರೆಡ್ ಪುಡಿಯಲ್ಲಿ ಹೊರಳಿಸುವುದು ಮಾತ್ರ ಕರಿಯುವ ಮುಂಚೆ. ಮೊದಲೇ ಹೊರಳಿಸಿದರೆ ಅದೂ ನೆನೆದು ಗರಿಯಾಗುವುದಿಲ್ಲ.

ಅಗಲ ಬಾಣಲೆಯಲ್ಲಿ ಅರ್ಧ ಸೆಂಟಿಮೀಟರ್ ಎತ್ತರ ಎಣ್ಣೆ, 175 ಡಿಗ್ರಿ ಬಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಚಿಟಿಕೆ ಬ್ರೆಡ್ ಪುಡಿ ಹಾಕಿ: ಕೂಡಲೇ ನೊರೆಯೆದ್ದು ನಿಧಾನಕ್ಕೆ ಕೆಂಪಾಗಬೇಕು, ಕಪ್ಪಾದರೆ ಉರಿ ಹೆಚ್ಚಾಗಿದೆ. ಮೊದಲು ಒಂದನ್ನೇ ಕರಿದು ನೋಡಿ. ಬಿಚ್ಚಿಕೊಂಡರೆ ಉಳಿದ ಮಿಶ್ರಣಕ್ಕೆ ಒಂದು ದೊಡ್ಡ ಚಮಚ ಬ್ರೆಡ್ ಪುಡಿ ಸೇರಿಸಿ, ಮತ್ತೆ ತಟ್ಟಿ, ಕಾಲು ಗಂಟೆ ತಣ್ಣಗಿಡಿ. ಬಿಚ್ಚದೆ ನಿಂತರೆ ಉಳಿದವನ್ನು ಐದೈದರಂತೆ, ಒಂದೊಂದು ಬದಿ 2ರಿಂದ 2.5 ನಿಮಿಷ ಕರಿಯಿರಿ. ತಳ ಕೆಂಪಗಾಗುವವರೆಗೆ ಅಲುಗಿಸಬೇಡಿ, ಒಂದೇ ಸಲ ತಿರುವಿ. ಮೊಟ್ಟೆ ಇರುವುದರಿಂದ ನಡುಭಾಗ 71 ಡಿಗ್ರಿ ಮುಟ್ಟಿರಬೇಕು. ತೆಗೆದದ್ದನ್ನು ತಂತಿ ಜಾಲರಿಯ ಮೇಲಿಡಿ. ಟಿಶ್ಯೂ ಮೇಲೆ ಬಿಟ್ಟರೆ ಕೆಳಗೆ ಹಬೆ ಸಿಕ್ಕಿಕೊಂಡು ತಳ ಮೆತ್ತಗಾಗುತ್ತದೆ. ಮಧ್ಯಾಹ್ನವೇ ಕರಿದು ಫ್ರಿಜ್‌ನಲ್ಲಿಟ್ಟಿದ್ದರೆ 200 ಡಿಗ್ರಿ ಓವನ್‌ನಲ್ಲಿ 8 ನಿಮಿಷ ಬಿಸಿ ಮಾಡಿ, ಮೈಕ್ರೋವೇವ್ ಬೇಡ.

ಸ್ಕ್ವಿಡ್ ಉಂಗುರ ಕರಿಯುವ ಆಸೆ ಹಲವರಿಗೆ ಇರುತ್ತದೆ. ರುಚಿ ನಿಜ, ಆದರೆ ಅದು ಎಣ್ಣೆಯಿಂದ ತೆಗೆದ ಕೆಲವೇ ನಿಮಿಷದಲ್ಲಿ ತಿನ್ನುವಂಥದ್ದು. ಒಂದೂವರೆ ನಿಮಿಷ ದಾಟಿ ಕರಿದರೆ ರಬ್ಬರು, ಆರಿದರೆ ಮೆತ್ತಗೆ. ಅಡುಗೆಮನೆಯಲ್ಲಿ ನಿಲ್ಲಲು ಇನ್ನೊಬ್ಬರಿದ್ದರೆ ಮಾತ್ರ ಕೈಹಾಕಿ.

ಬಡಿಸುವಾಗ

ಮಾಡಿದ್ದನ್ನೆಲ್ಲ ಒಂದೇ ಸಲ ಹೊರಗಿಡಬೇಡಿ. ಮೂರನೇ ಒಂದು ಭಾಗ ಇಟ್ಟು, ಖಾಲಿಯಾದಂತೆ ಹೊಸ ತಟ್ಟೆ ತನ್ನಿ. ಹಳೆಯ ತಟ್ಟೆಯ ಮೇಲೇ ಹೊಸದನ್ನು ಸುರಿದರೆ ಯಾವುದು ಎಷ್ಟು ಹೊತ್ತಿನದು ಎಂಬುದೇ ತಿಳಿಯುವುದಿಲ್ಲ. ಫ್ರಿಜ್‌ನ ಹೊರಗೆ ಒಟ್ಟು 2 ಗಂಟೆ ಮೀರಬಾರದು, ಸೆಕೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಐಸ್ ಬಳಸುವುದಾದರೆ ಆಳದ ತಟ್ಟೆಗೆ ಐಸ್ ತುಂಬಿ ಅದರ ಮೇಲೆ ಇನ್ನೊಂದು ಲೋಹದ ತಟ್ಟೆ ಇಟ್ಟು ಸೀಗಡಿ ಜೋಡಿಸಿ. ನೇರವಾಗಿ ಐಸ್ ಮೇಲಿಟ್ಟರೆ ಕರಗಿದ ನೀರಲ್ಲಿ ಸೀಗಡಿ ತೇಲುತ್ತದೆ. ತಟ್ಟೆ ತುಂಬಿಸುವುದಕ್ಕಿಂತ ತುಂಡುಗಳ ನಡುವೆ ಒಂದು ಬೆರಳು ಜಾಗ ಬಿಟ್ಟರೆ ನೋಡಲೂ ಚೆಂದ, ಎತ್ತುವಾಗ ಪಕ್ಕದ್ದು ಬೀಳುವುದೂ ಇಲ್ಲ.

ಸೀಗಡಿ, ಏಡಿಯ ಅಲರ್ಜಿ ಕೆಲವರಲ್ಲಿ ಪ್ರಾಣಕ್ಕೇ ಸಂಚಕಾರ ತರುತ್ತದೆ. ಕರೆಯುವಾಗಲೇ ಕೇಳಿಕೊಳ್ಳಿ, ತಟ್ಟೆಯ ಮುಂದೆ ಏನಿದೆ ಎಂದು ಚೀಟಿ ಇಡಿ. ಏಡಿ ಕರಿದ ಎಣ್ಣೆಯಲ್ಲಿ ಬೇರೇನನ್ನೂ ಕರಿಯಬೇಡಿ. ಸೀಗಡಿಯ ಬಾಲ, ಬಳಸಿದ ಟಿಶ್ಯೂ ಹಾಕಲು ಪ್ರತಿ ತಟ್ಟೆಯ ಪಕ್ಕ ಒಂದು ಚಿಕ್ಕ ಬಟ್ಟಲಿಡಿ, ಮೊದಲೇ ಒಂದು ಬಾಲ ಅದರಲ್ಲಿ ಹಾಕಿಟ್ಟರೆ ಯಾರೂ ಕೇಳಬೇಕಾಗುವುದಿಲ್ಲ.

ಉಳಿದದ್ದರಲ್ಲಿ ಹೊರಗೇ ಬಾರದೆ ಫ್ರಿಜ್‌ನಲ್ಲಿದ್ದ ಸೀಗಡಿ, ಏಡಿ ಕೇಕನ್ನು ಮರುದಿನ ತಿನ್ನಬಹುದು. ಜೋಡಿಸಿದ ಸೌತೆಕಾಯಿ ಬಿಲ್ಲೆಗಳು ರಾತ್ರಿ ಕಳೆಯುವಷ್ಟರಲ್ಲಿ ನೀರಾಗುತ್ತವೆ, ಅವನ್ನು ಅಂದೇ ಮುಗಿಸಿ.