ಎಂ.ಎಸ್ಸಿ. ಪ್ರಬಂಧಕ್ಕೆ ಕಾಡಿನ ಇಂಗಾಲ ಅಳೆಯುವುದು

ಅರಣ್ಯಶಾಸ್ತ್ರದ ಎಂ.ಎಸ್ಸಿ.ಗೆ ನಮ್ಮಲ್ಲಿ ಶಿರಸಿ, ಪೊನ್ನಂಪೇಟೆ ಕಾಲೇಜುಗಳಿವೆ. ಪಿಎಚ್.ಡಿ.ಗಾದರೆ ಬೆಂಗಳೂರಿನಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರವಿದೆ, ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ. ಎಲ್ಲಿಗೇ ಹೋಗಿ, ಮಾರ್ಗದರ್ಶಕರನ್ನು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಹಿಂದೆ ಅಳೆದು, ಮರಗಳಿಗೆ ನಂಬರು ಹೊಡೆದ ಪ್ಲಾಟ್ (ಅಳತೆಗೆಂದು ಗುರುತು ಮಾಡಿದ ಕಾಡಿನ ತುಂಡು) ಇದೆಯೇ?

ಕಾರಣ ಸರಳ. ಹೊಸ ಪ್ಲಾಟ್ ಹಾಕಿ ಒಮ್ಮೆ ಅಳೆದರೆ ಸಿಗುವುದು ಕಾಡಿನಲ್ಲಿ ಈಗಿರುವ ಇಂಗಾಲದ ದಾಸ್ತಾನು ಮಾತ್ರ. ವರ್ಷಕ್ಕೆ ಎಷ್ಟು ಹೀರುತ್ತಿದೆ ಎಂದು ಹೇಳಲು ಎರಡನೇ ಅಳತೆ ಬೇಕು, ಎಂ.ಎಸ್ಸಿ.ಯ ಎರಡು ವರ್ಷ ಅದಕ್ಕೆ ಸಾಲದು. ತಮಿಳುನಾಡಿನ ಮುದುಮಲೈ ಕಾಡಿನ 50 ಹೆಕ್ಟೇರ್ ಪ್ಲಾಟ್‌ಗೆ ಅಷ್ಟು ಬೆಲೆ ಬಂದದ್ದು 1988ರಿಂದ ಅವೇ ಮರಗಳನ್ನು ಮತ್ತೆ ಮತ್ತೆ ಅಳೆದದ್ದರಿಂದ.

ವಿಷಯ ಒಪ್ಪಿಗೆಯಾದ ವಾರವೇ ಅರಣ್ಯ ಇಲಾಖೆಗೆ ಅನುಮತಿ ಅರ್ಜಿ ಕೊಡಿ. ಅನುಮತಿ ತಡವಾಗಿ, ಅಷ್ಟರಲ್ಲಿ ಮಳೆ ಹಿಡಿದರೆ ಮಲೆನಾಡಿನಲ್ಲಿ ಒಂದು ಇಡೀ ಹಂಗಾಮು ಹೋಯಿತು. ಎಲೆ ಉದುರುವ ಕಾಡಿನಲ್ಲಿ ಫೆಬ್ರವರಿ–ಮಾರ್ಚ್‌ನಲ್ಲಿ ಎತ್ತರ ಅಳೆಯಲು ಮರದ ತುದಿ ಚೆನ್ನಾಗಿ ಕಾಣುತ್ತದೆ, ಆದರೆ ಜಾತಿ ಗುರುತಿಸಲು ತೊಗಟೆಯೇ ಗತಿ. ಊರಿನ ಒಬ್ಬ ಜಾಣ ವಾಚರ್ ಜೊತೆಗಿರಲಿ.

ಹೊಸ ಪ್ಲಾಟ್ ಹಾಕುವುದಾದರೆ, 31.62 ಮೀಟರ್ ಬದಿಯ ಚೌಕ ಹಾಕಿದರೆ 0.1 ಹೆಕ್ಟೇರ್. ಎರಡೂ ಕರ್ಣ 44.72 ಮೀಟರ್ ಬಂದರೆ ಮೂಲೆ ಸರಿಯಿದೆ ಎಂದರ್ಥ. ಇದು ಸಮತಲದ ಅಳತೆ: 20 ಡಿಗ್ರಿ ಇಳಿಜಾರಿನಲ್ಲಿ, ಇಳಿಜಾರಿನುದ್ದಕ್ಕೂ ಟೇಪನ್ನು 33.65 ಮೀಟರ್ ಎಳೆಯಬೇಕು. ಇದನ್ನು ಮರೆತರೆ ಪ್ಲಾಟ್ ಚಿಕ್ಕದಾಗಿ, ಇಂಗಾಲ ಕಡಿಮೆ ಬರುತ್ತದೆ.

ಸುತ್ತಳತೆ ತೆಗೆಯುವುದು ನೆಲದಿಂದ 1.37 ಮೀಟರ್‌ನಲ್ಲಿ, ಇಳಿಜಾರಾದರೆ ಮೇಲಿನ ಬದಿಗೆ ನಿಂತು. ಹಲವು ವಿದೇಶಿ ಲೇಖನಗಳಲ್ಲಿ 1.3 ಇರುತ್ತದೆ; ಹಳೆಯ ಪ್ಲಾಟ್‌ನಲ್ಲಿ ಯಾವುದಿತ್ತೋ ಅದನ್ನೇ ಹಿಡಿಯಿರಿ. ಬೂರುಗದಂಥ ಹಲಗೆಬೇರಿನ ಮರಕ್ಕೆ ಬೇರು ಮುಗಿದ ಮೇಲೆ ಅರ್ಧ ಮೀಟರ್ ಬಿಟ್ಟು ಅಳೆದು, ಎಷ್ಟು ಎತ್ತರದಲ್ಲಿ ಅಳೆದಿರೆಂದು ಬರೆದಿಡಿ. 1.37ಕ್ಕಿಂತ ಕೆಳಗೇ ಕವಲೊಡೆದಿದ್ದರೆ ಪ್ರತಿ ಕವಲನ್ನೂ ಬೇರೆಯಾಗಿ ಅಳೆಯಿರಿ. ಬಳ್ಳಿಯ ಮೇಲೆ ಟೇಪು ಸುತ್ತಬೇಡಿ, ಬಳ್ಳಿಯ ಅಡಿಯಿಂದ ತೂರಿಸಿ. ಅಳೆದ ಜಾಗಕ್ಕೆ ಬಣ್ಣದ ಗೆರೆ ಎಳೆಯಿರಿ, ನಂಬರಿನ ಮೊಳೆ ಅದರಿಂದ ದೂರವಿರಲಿ. ಮೊಳೆಯ ಸುತ್ತ ತೊಗಟೆ ಉಬ್ಬಿದರೆ ಮುಂದಿನವರ ಅಳತೆ ಕೆಡುತ್ತದೆ.

ಅಳತೆಯಿಂದ ಮರದ ತೂಕ ಲೆಕ್ಕಹಾಕುವ ಸ್ಥಳೀಯ ಸಮೀಕರಣ ಆ ಜಾತಿಗೆ ಇಲ್ಲದಿದ್ದರೆ, ಶಾವ್ ಮತ್ತು ಸಂಗಡಿಗರ 2014ರ ಸಮೀಕರಣ ಬಳಸಬಹುದು: ಕಟ್ಟಿಗೆಯ ಸಾಂದ್ರತೆ, ವ್ಯಾಸದ ವರ್ಗ (ವ್ಯಾಸ × ವ್ಯಾಸ), ಎತ್ತರ ಈ ಮೂರನ್ನೂ ಗುಣಿಸಿ, 0.976 ಘಾತಕ್ಕೇರಿಸಿ, 0.0673ರಿಂದ ಗುಣಿಸಿ. ಸಾಂದ್ರತೆ ಘನ ಸೆಂ.ಮೀ.ಗೆ 0.6 ಗ್ರಾಂ, ವ್ಯಾಸ 40 ಸೆಂ.ಮೀ., ಎತ್ತರ 22 ಮೀಟರ್ ಇದ್ದರೆ ನೆಲದ ಮೇಲಿನ ಒಣ ತೂಕ ಸುಮಾರು 1,119 ಕೆ.ಜಿ. ಅದರ 0.47 ಭಾಗ, ಅಂದರೆ 526 ಕೆ.ಜಿ., ಇಂಗಾಲ. ಎಕ್ಸೆಲ್‌ನಲ್ಲಿ ವ್ಯಾಸದ ಜಾಗಕ್ಕೆ ಸುತ್ತಳತೆ ಹಾಕಿಬಿಟ್ಟರೆ ಉತ್ತರ ಒಂಬತ್ತು ಪಟ್ಟು ಮೀರಿ ಹಿಗ್ಗುತ್ತದೆ, 3.1416ರಿಂದ ಭಾಗಿಸಿದ್ದೀರಾ ನೋಡಿ. ವ್ಯಾಸದಲ್ಲಿ ಶೇ. 10 ತಪ್ಪಿದರೆ ತೂಕದಲ್ಲಿ ಶೇ. 20 ತಪ್ಪುತ್ತದೆ, ಎತ್ತರದಲ್ಲಿ ಅಷ್ಟೇ ತಪ್ಪಿದರೆ ಸುಮಾರು ಶೇ. 10 ಮಾತ್ರ. ಎತ್ತರ ಅಳೆಯುವ ದುಬಾರಿ ಲೇಸರ್ ಯಂತ್ರ ಸಿಗಲಿಲ್ಲವೆಂದು ಕೊರಗುವ ಬದಲು ಹತ್ತರಲ್ಲೊಂದು ಮರದ ಸುತ್ತಳತೆಯನ್ನು ಇನ್ನೊಬ್ಬರಿಂದ ಮತ್ತೆ ತೆಗೆಸಿ.

ಮಣ್ಣನ್ನೂ ಸೇರಿಸುವುದಾದರೆ 30 ಸೆಂ.ಮೀ. ಆಳದವರೆಗೆ ತೆಗೆಯಿರಿ. ಗಾತ್ರ ಗೊತ್ತಿರುವ ಉಂಗುರದಲ್ಲಿ ತೆಗೆದ ಮಣ್ಣನ್ನು ಒಣಗಿಸಿ ತೂಗದಿದ್ದರೆ ಪ್ರಯೋಗಾಲಯದಿಂದ ಬಂದ ಇಂಗಾಲದ ಶೇಕಡಾವಾರನ್ನು ಹೆಕ್ಟೇರಿಗೆ ಟನ್ ಆಗಿಸಲು ದಾರಿಯೇ ಇಲ್ಲ. ಜಲ್ಲಿಕಲ್ಲನ್ನು ಜರಡಿ ಹಿಡಿದು, ಅದರ ಗಾತ್ರವನ್ನು ಲೆಕ್ಕದಿಂದ ಕಳೆಯಿರಿ.