ನೀರೊಳಗೆ ಕೂತ ದುರ್ಯೋಧನ

ಮುಧೋಳದ ಕಡೆ ಹುಟ್ಟಿ ದುರ್ಯೋಧನನ ಪಾರ್ಟು ಬೇಡ ಅನ್ನೋಕಾಗುತ್ತಾ? ರನ್ನ ನಮ್ಮ ಸೀಮೆಯವನೇ, ಬಳೆಗಾರರ ಮನೆತನ. ಜಾತ್ರೆಗೆ ಆಡೋಣ ಅಂತ ನಮ್ಮ ಮಾಸ್ತರರು ಅವನ ‘ಗದಾಯುದ್ಧ’ವನ್ನೇ ಹಿಡಿದು ಆಡುಮಾತಲ್ಲಿ ನಾಟಕ ಬರೆದರು.

ಮೊದಲ 15 ದಿನ ತಾಲೀಮಿನಲ್ಲಿ ನಾನು ಮಾಡಿದ್ದು ಎದೆ ಉಬ್ಬಿಸೋದು, ಮೀಸೆ ತಿರುವೋದು, ಕಿರುಚೋದು. ಸೊಕ್ಕು ಅಂದ್ರೆ ಅಷ್ಟೇ ಅಂದ್ಕೊಂಡಿದ್ದೆ. ಒಂದಿನ ಮಾಸ್ತರರು ಬೀಡಿ ಆರಿಸಿ, “ತಮ್ಮಾ, ಮೊಹರಮ್ಮಿನ ಹುಲಿ ಕುಣ್ಯಾಕತ್ತೀಯೋ, ದುರ್ಯೋಧನನ್ನ ಮಾಡಾಕತ್ತೀಯೋ?” ಅಂದರು.

ಸಿಟ್ಟು ಬಂತು. ಆದರೆ ಮಾತು ಖರೇ. ಅಲ್ಲಿ ಅವನಿಗೆ ಮೆರೆಯೋಕೆ ಏನು ಉಳಿದಿದೆ? ತಮ್ಮಂದಿರು ಹೋದರು, ಕರ್ಣ ಹೋದ, ಹೆಣಗಳ ನಡುವೆ ಸಂಜಯನ ಜೊತೆ ಎಡವುತ್ತಾ ನಡೀತಿದ್ದಾನೆ. ಆಗಲೂ, ನಾನು ಕಾದೋದು ನೆಲಕ್ಕಲ್ಲ, ಛಲಕ್ಕೆ ಅಂತಾನೆ. ಕರ್ಣನನ್ನು ಕೊಲ್ಲಿಸಿದ ಈ ನೆಲದ ಜೊತೆ ಮತ್ತೆ ಬಾಳಲಾ ಅಂತಾನೆ. ಇದು ಸೊಕ್ಕಾ, ಗೆಳೆತನವಾ? ಎರಡೂ ಒಂದೇ ಉಸಿರಲ್ಲಿ ಬರುತ್ತೆ. ನನಗೆ ಜಾಸ್ತಿ ಕಾಡಿದ್ದು ಅದೇ.

ದಾರಿ ಸಿಕ್ಕಿದ್ದು ಮನೆಯಲ್ಲಿ. ಅಪ್ಪನಿಗೆ ಮೊಣಕಾಲು ಹೋಗಿತ್ತು, ಕೋಲು ಮಾತ್ರ ಮುಟ್ಟುತ್ತಿರಲಿಲ್ಲ. ಗೋಡೆ ಹಿಡಿದು ನಡೆಯೋದು, ನಾವು ನೋಡಿದ್ರೆ ಅಲ್ಲೇ ನಿಂತು ಗೋಡೆ ತಟ್ಟಿ, “ಗ್ವಾಡಿ ಸಡ್ಲಾಗೈತಲೇ, ನೋಡಾಕತ್ತೇನಿ” ಅನ್ನೋದು. ಅದನ್ನೇ ಕದ್ದೆ. ರಣರಂಗದಲ್ಲಿ ಎಡವಿದಾಗ ಸಂಜಯ ಕೈ ಚಾಚುತ್ತಾನೆ, ನಾನು ಹಿಡಿಯೋದಿಲ್ಲ. ಬಗ್ಗಿ, ಬಿದ್ದ ಆನೆಯ ದಂತ ನೋಡುವವನ ಹಾಗೆ ನಟಿಸ್ತೀನಿ. ಮಾಸ್ತರರು ಏನೂ ಅನ್ನಲಿಲ್ಲ, ಇನ್ನೊಂದು ಬೀಡಿ ಹಚ್ಚಿದರು.

ಉಳಿದದ್ದು ವೈಶಂಪಾಯನ ಸರೋವರ. ಭೀಷ್ಮ ಹೇಳಿದ ಅಂತ ಅಲ್ಲಿ ಅಡಗಿದ್ದಾನೆ, ಸುಮ್ಮನಿದ್ದರೆ ಜೀವ ಉಳಿಯುತ್ತೆ. ‘ನೀರೊಳಗಿರ್ದುಂ ಬೆಮರ್ತನುರಗಪತಾಕಂ’ ಅಂತಾನೆ ರನ್ನ. ನೀರಲ್ಲಿದ್ದೂ ಬೆವರಿದ ಅಂತ.

ಜಾತ್ರೆ ರಾತ್ರಿ ಇಬ್ಬರು ಹುಡುಗರು ನೀಲಿ ಸೀರೆ ಅಲ್ಲಾಡಿಸುತ್ತಿದ್ದರು, ನಾನು ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದೆ, ಬಣ್ಣ ಕರಗಿ ಕಣ್ಣಿಗಿಳಿದು ಉರೀತಿತ್ತು. ಭೀಮ ಹಂಗಿಸುತ್ತಾ ಹೋದ. ನಾನು ತುಟಿ ಬಿಚ್ಚಲಿಲ್ಲ, ಗದೆ ಹಿಡಿದ ಬೆರಳು ಮಾತ್ರ ಬಿಗಿ ಮಾಡಿದೆ. ಆಗ ಮುಂದೆ ಚಾಪೆ ಮೇಲೆ ಕೂತಿದ್ದ ಅಜ್ಜಿಯೊಬ್ಬಳು ಕೂಗಿದಳು, “ಏಳಬ್ಯಾಡೋ ನನ್ನಪ್ಪಾ, ಅಲ್ಲೇ ಕೂಡು!”

ಎದ್ದೆ.